ಪಸೆಗಾಳಿಯ ಊರಿನಲ್ಲಿ 1/24 ಕಾರು ಕಿಟ್ ಕಟ್ಟುವ ಕ್ರಮ

1/24 ಎಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಅಳತೆಯ, ಬಿಡಿಭಾಗ ಕೂಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ಕಾರು. ಅದರ ಕಿಟ್ ಪೆಟ್ಟಿಗೆಯೊಳಗಿನ ಸೂಚನಾಪತ್ರಕ್ಕೆ ಋತು ಗೊತ್ತಿಲ್ಲ. ಇಂಜಿನ್ ಕಟ್ಟಿ, ಚಾಸಿ ಕಟ್ಟಿ, ಬಾಡಿಗೆ ಬಣ್ಣ ಹೊಡೆಯಿರಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕರಾವಳಿಯಲ್ಲಿ ಅದನ್ನು ಹಾಗೆಯೇ ಹಿಡಿದುಕೊಂಡು ಹೊರಟರೆ ಜುಲೈಯಲ್ಲಿ ಹೊಡೆದ ಕಪ್ಪು ಬಣ್ಣ ಒಣಗುವಷ್ಟರಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಾಗಿರುತ್ತದೆ.

ಇಲ್ಲಿ ಕೆಲಸವನ್ನು ಎರಡು ಕಾಲಕ್ಕೆ ಹಂಚಿಕೊಳ್ಳಬೇಕು. ಯಕ್ಷಗಾನ ಮೇಳಗಳ ಲೆಕ್ಕವೇ ಇದಕ್ಕೂ ಸರಿ. ಮೇಳಗಳು ತಿರುಗಾಟ ನಿಲ್ಲಿಸುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24–25ರ ಸುಮಾರಿಗೆ, ಸ್ಪ್ರೇ ಕ್ಯಾನು, ಏರ್‌ಬ್ರಶ್ (ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಎರಡನ್ನೂ ಒಳಗಿಡಿ. ದೀಪಾವಳಿ ಕಳೆದು ಮೇಳ ಹೊರಡುವಾಗ ಹೊರಗೆ ತೆಗೆಯಿರಿ. ನಡುವಿನ ತಿಂಗಳುಗಳಿಗೆ ಕತ್ತರಿಸುವ, ಉಜ್ಜುವ, ಅಂಟಿಸುವ, ಸಣ್ಣ ಬ್ರಶ್ ಹಿಡಿಯುವ ಕೆಲಸ ಧಾರಾಳ ಇದೆ.

ಯಾವ ಕಿಟ್, ಏನೇನು ಬೇಕು

ಟಮಿಯಾ, ಹಸೆಗಾವಾ, ಫುಜಿಮಿ, ಅವೊಶಿಮಾದಂಥ ಜಪಾನಿ ಕಂಪೆನಿಗಳ ಕಾರುಗಳು ಹೆಚ್ಚಾಗಿ 1/24. ಎಎಂಟಿಯಂಥ ಅಮೆರಿಕನ್ ಹೆಸರಿನವು 1/25. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಚಕ್ರ ಅದಲುಬದಲು ಮಾಡಲು ಹೋದಾಗ ಬೀಳುತ್ತದೆ. ಮೊದಲ ಕಿಟ್‌ಗೆ ಇಂಜಿನ್ ಇಲ್ಲದ್ದನ್ನೇ ಆರಿಸಿ. ಬಾನೆಟ್ ತೆರೆಯುವ ಕಿಟ್‌ನಲ್ಲಿ ಬಾನೆಟ್ ಸುತ್ತಲಿನ ಸಂದು ನಾಲ್ಕೂ ಕಡೆ ಸಮವಾಗಿ ಕೂರಿಸುವುದೇ ದೊಡ್ಡ ಕೆಲಸ.

ಅಳತೆಯ ಲೆಕ್ಕ ಒಂದು ತಲೆಯಲ್ಲಿರಲಿ. ಮಾರುತಿ 800ರ ಉದ್ದ 3335 ಮಿಮೀ. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 139 ಮಿಮೀ, ಅಂಗೈಗೆ ಹಿಡಿಯುವಷ್ಟು. ಅದೇ ಲೆಕ್ಕದಲ್ಲಿ ಬಾಡಿಯ ಮೇಲೆ 0.1 ಮಿಮೀ ದಪ್ಪ ಬಣ್ಣ ಕೂತರೆ ನಿಜವಾದ ಕಾರಿನ ಮೇಲೆ 2.4 ಮಿಮೀ ಬಳಿದ ಹಾಗಾಯಿತು. ತೆಳು ಕೋಟು ಎಂದು ಎಲ್ಲರೂ ಬಾಯಿಬಡಿದುಕೊಳ್ಳುವುದು ಇದಕ್ಕೇ.

ಸಾಮಾನು ಹೆಚ್ಚು ಬೇಡ. ಒಂದು ಬದಿ ಚಪ್ಪಟೆಯಾದ ಒಳ್ಳೆಯ ನಿಪ್ಪರ್ (ಕತ್ತರಿಸುವ ಇಕ್ಕಳ), 11ನೇ ನಂಬರಿನ ಬ್ಲೇಡ್ ಹಾಕುವ ಚಾಕು, ಚಿಮುಟ, 400ರಿಂದ 3000ದವರೆಗಿನ ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ), 6 ಮಿಮೀ ಮಾಸ್ಕಿಂಗ್ ಟೇಪ್, ತೆಳು ಪ್ಲಾಸ್ಟಿಕ್ ಸಿಮೆಂಟ್, ಒಂದು ಡಿಜಿಟಲ್ ತೇವಮಾಪಕ. ಇಲ್ಲಿ ಏರ್‌ಬ್ರಶ್‌ಗಿಂತ ಮೊದಲು ಕೊಳ್ಳಬೇಕಾದದ್ದು ತೇವಮಾಪಕ. ಸಣ್ಣ ಭಾಗ ಸಿಕ್ಕಿಸಿ ಹಿಡಿಯಲು, ಬಣ್ಣ ಕಲಕಲು, ಚುಕ್ಕೆಯಷ್ಟು ಅಂಟು ಇಡಲು ಹಿಡಿಸೂಡಿ ಕಡ್ಡಿಯನ್ನು ಮೀರಿಸಿದ್ದು ಯಾವ ಅಂಗಡಿಯಲ್ಲೂ ಇಲ್ಲ. ಒಣಗಿದ ಕಡ್ಡಿಯಾಗಿರಲಿ. ಅದನ್ನು ಚುಚ್ಚಿ ನಿಲ್ಲಿಸಲು ಥರ್ಮೋಕೋಲ್ ತುಂಡು ಸಾಕು. ಬಾಳೆದಿಂಡು ಕೈಗೆ ಸಿಗುತ್ತದೆಂದು ಬಳಸಬೇಡಿ, ನೀರು ಬಿಡುತ್ತಲೇ ಇರುತ್ತದೆ.

ಥಿನ್ನರ್, ಸ್ಪ್ರೇ ಕ್ಯಾನು ತರಿಸುವಾಗ ಒಂದು ಎಚ್ಚರ. ಬೆಂಕಿ ಹತ್ತುವ ದ್ರವವನ್ನು ಸಾಮಾನ್ಯ ಅಂಚೆಯಲ್ಲಿ ಕಳಿಸುವಂತಿಲ್ಲ. ಮಂಗಳೂರಿನಲ್ಲಿ ಕೊಂಡು ಚೀಲದಲ್ಲಿಟ್ಟು ರೈಲು ಹತ್ತುವುದೂ ತಪ್ಪು. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅದು ಜೈಲುಶಿಕ್ಷೆ ಇರುವ ಅಪರಾಧ. ನೆಲದ ಮೇಲೆ ಸಾಗಿಸುವ ಕೊರಿಯರ್ ಇರುವ ಮಾರಾಟಗಾರರಿಂದ ತರಿಸಿ, ಅದೂ ಮಳೆಗಾಲದಲ್ಲೇ ತರಿಸಿಟ್ಟುಕೊಳ್ಳಿ. ಬಣ್ಣದ ಕಾಲ ಬಂದಾಗ ಕಾಯುತ್ತ ಕೂರಬೇಕಾಗುವುದಿಲ್ಲ.

ಮಳೆಗಾಲದ ಕೆಲಸ

ಮೊದಲು ಸ್ಪ್ರೂ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು, ಸಮೇತ ಎಲ್ಲ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬೆಳ್ಳಿ ಬಣ್ಣದ ಕ್ರೋಮ್ ಭಾಗಗಳಿಗೆ ಬ್ರಶ್ ತಾಗಿಸಬೇಡಿ.

ಕತ್ತರಿಸುವುದು ಎರಡು ಹಂತದಲ್ಲಿ. ಮೊದಲು ಭಾಗದಿಂದ 2–3 ಮಿಮೀ ದೂರದಲ್ಲಿ ತುಂಡರಿಸಿ, ಆಮೇಲೆ ಉಳಿದ ಮೊಳೆಯನ್ನು ಚಾಕುವಿನಿಂದ ಸವರಿ ತೆಗೆಯಿರಿ. ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳಿಚಿಕೊಂಡು ಹಳ್ಳ ಬೀಳುತ್ತದೆ.

ಬಾಡಿಯಲ್ಲಿ ಅಚ್ಚಿನ ಗೆರೆಗಳು ಸಾಮಾನ್ಯವಾಗಿ ಮಡ್‌ಗಾರ್ಡಿನ ಮೇಲಂಚು, ಹಿಂದಿನ ಕಂಬ, ಬಂಪರಿನ ಮೂಲೆಗಳಲ್ಲಿ ಇರುತ್ತವೆ. ಬೆರಳಿಗೆ ಸಿಕ್ಕುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಬಿಟ್ಟರೆ ಹೊಳೆಯುವ ಬಣ್ಣದ ಕೆಳಗಿಂದ ಎದ್ದು ಕುಣಿಯುತ್ತದೆ. ಚಾಕುವಿನ ಬೆನ್ನಿನಿಂದ ಕೆರೆದು 600, ನಂತರ 1000ದ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಬಾಗಿಲು, ಡಿಕ್ಕಿಯ ಗೆರೆಗಳನ್ನು ಚಾಕುವಿನ ಬೆನ್ನಿನ ತುದಿಯಿಂದ ಎರಡು ಮೂರು ಬಾರಿ ಹಗುರವಾಗಿ ಎಳೆದು ಆಳ ಮಾಡಿ. ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ತಳಕೋಟು), ಬಣ್ಣ, ಕ್ಲಿಯರ್ (ಕೊನೆಯ ಪಾರದರ್ಶಕ ಹೊಳಪಿನ ಕೋಟು) ಸೇರಿ ಒಂಬತ್ತು ಹತ್ತು ಕೋಟು ಬೀಳುವಾಗ ಆಳವಿಲ್ಲದ ಗೆರೆ ಮುಚ್ಚಿಹೋಗುತ್ತದೆ. ಒತ್ತಿ ಎಳೆದರೆ ಚಾಕು ಗೆರೆ ಬಿಟ್ಟು ಹಾರುತ್ತದೆ.

ಬಣ್ಣಕ್ಕೆ ಮುಂಚೆಯೇ ಬಾಡಿ, ಚಾಸಿ, ಒಳಾಂಗಣ, ಗಾಜು ನಾಲ್ಕನ್ನೂ ಅಂಟಿಲ್ಲದೆ ಟೇಪ್ ಹಾಕಿ ಒಮ್ಮೆ ಕೂಡಿಸಿ ನೋಡಲೇಬೇಕು. ಚಾಸಿ ಒಳಗೆ ಹೋಗಲು ಬಾಡಿಯ ಬದಿಗಳನ್ನು ಎಷ್ಟು ಅಗಲಿಸಬೇಕು, ಚಕ್ರ ನಾಲ್ಕೂ ನೆಲ ಮುಟ್ಟುತ್ತವೆಯೇ, ಗಾಜು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ ಎಂದು ಗೊತ್ತಾಗುವುದು ಆಗಲೇ. ಪಾಲಿಶ್ ಮಾಡಿದ ಬಾಡಿಯನ್ನು ಅಗಲಿಸಿದಾಗ ಬಣ್ಣ ಬಿರುಕು ಬಿಟ್ಟರೆ ಅದಕ್ಕೆ ಮದ್ದಿಲ್ಲ.

ಅಂಟಿನ ವಿಷಯದಲ್ಲಿ ಮಳೆಗಾಲ ಎರಡು ಥರ ನಡೆದುಕೊಳ್ಳುತ್ತದೆ. ತೆಳು ಸಿಮೆಂಟಿಗೆ ಪಸೆಯಿಂದ ದೊಡ್ಡ ತೊಂದರೆ ಇಲ್ಲ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಭಾಗಗಳನ್ನು ಕೂಡಿಸಿ ಹಿಡಿದು ಸಂದಿಗೆ ಬ್ರಶ್ ತಾಗಿಸಿದರೆ ತಾನಾಗಿ ಒಳಗೆ ಹರಿಯುತ್ತದೆ. ಬೆರಳು ಸಂದಿನ ಮೇಲಿದ್ದರೆ ಬೆರಳಚ್ಚು ಪ್ಲಾಸ್ಟಿಕ್ಕಿನಲ್ಲಿ ಖಾಯಂ ಆಗಿ ಉಳಿಯುತ್ತದೆ. ಸೂಪರ್ ಗ್ಲೂ ಬೇರೆ ಜಾತಿ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆಟಿ ತಿಂಗಳಲ್ಲಿ ಭಾಗ ಸರಿಹೊಂದಿಸಲು ಸಮಯವನ್ನೇ ಕೊಡದೆ ಹಿಡಿದುಬಿಡುತ್ತದೆ, ಸುತ್ತಲೂ ಬಿಳಿ ಹೊಗೆಯ ಕಲೆಯನ್ನೂ ಹೆಚ್ಚು ಬಿಡುತ್ತದೆ. ಬಾಟಲಿಯಲ್ಲೇ ಗಟ್ಟಿಯಾಗುವುದೂ ಬೇಗ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ ಫ್ರಿಜ್ಜಿನಲ್ಲಿಡಿ. ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚಬೇಡಿ, ತಣ್ಣನೆಯ ಬಾಟಲಿಯೊಳಗೆ ನೀರು ಕಟ್ಟುತ್ತದೆ.

ಇಂಜಿನ್, ಸೀಟು, ಡ್ಯಾಶ್‌ಬೋರ್ಡ್, ಚಾಸಿ ಇವುಗಳ ಬ್ರಶ್ ಕೆಲಸಕ್ಕೆ ಮಳೆಗಾಲವೇ ಅನುಕೂಲ. ನೀರಿನ ಅಕ್ರಿಲಿಕ್ ನಿಧಾನವಾಗಿ ಒಣಗುವುದರಿಂದ ಬ್ರಶ್ಶಿನ ಗೀರು ತನ್ನಷ್ಟಕ್ಕೆ ಮಟ್ಟವಾಗುತ್ತದೆ. ಎರಡು ಕೋಟುಗಳ ನಡುವೆ ಒಂದು ದಿನ ಬಿಡಿ.

ಡೆಕಲ್ (ನೀರಿನಲ್ಲಿ ಅದ್ದಿ ಬಾಡಿಗೆ ಅಂಟಿಸುವ ತೆಳು ಚಿತ್ರ) ಹಾಳೆಯನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ. ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುವುದು ಸಹಜ, ಡೆಕಲಿನ ಅಂಟಿಗೆ ಹಿಡಿದರೆ ಹಾಳೆ ಹೋಯಿತು. ತಂದ ದಿನವೇ ಜಿಪ್ ಲಾಕ್ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ, ಸ್ಟೀಲ್ ಡಬ್ಬಿಯಲ್ಲಿಡಿ.

ಬಣ್ಣದ ಕಾಲ

ಬಣ್ಣ ಬೆಳ್ಳಗಾಗುವುದೇಕೆಂದು ತಿಳಿದರೆ ಮುಂದಿನದೆಲ್ಲ ಸುಲಭ. ಲ್ಯಾಕರ್ ಥಿನ್ನರ್ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಾಡಿಯ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೇಲ್ಮೈ ತಣಿದಾಗ ಗಾಳಿಯ ನೀರಾವಿ ಹಸಿ ಬಣ್ಣದ ಮೇಲೆಯೇ ಹನಿಗಟ್ಟಿ ಒಳಗೆ ಸಿಕ್ಕಿಬೀಳುತ್ತದೆ. ಹೊಳಪು ಹೋಗಿ ಮಂಜು ಕವಿಯುತ್ತದೆ. ಗಾಢ ಬಣ್ಣಗಳಲ್ಲಿ, ಕ್ಲಿಯರಿನಲ್ಲಿ ಇದು ಎದ್ದು ಕಾಣುತ್ತದೆ. ಮ್ಯಾಟ್ ಪ್ರೈಮರಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ತೇವಮಾಪಕ ಶೇ. 65ಕ್ಕಿಂತ ಕೆಳಗೆ ತೋರಿಸಿದರೆ ನಿಶ್ಚಿಂತೆಯಿಂದ ಹೊಡೆಯಿರಿ. 70 ದಾಟಿದರೆ ಹೊಳಪಿನ ಕೋಟು ಬೇಡ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಿಸಿಲೇರಿದ ಮೇಲೆ, ಸುಮಾರು ಹನ್ನೊಂದರಿಂದ ಎರಡರ ನಡುವೆ, ಒಳ್ಳೆಯ ಹೊತ್ತು ಸಿಗುತ್ತದೆ. ಬೆಳಿಗ್ಗೆ ಮಂಜು, ಸಂಜೆಯ ಮೇಲೆ ಮತ್ತೆ ಪಸೆ. ಕುಂಬಳೆ, ಉಪ್ಪಳದ ಹಾಗೆ ಕಡಲಿಗೆ ತಾಗಿದ ಕಡೆ ಕಡಲಗಾಳಿ ಬೀಸತೊಡಗಿದ ಕೂಡಲೇ ತೇವಮಾಪಕದ ಅಂಕಿ ಮೇಲೇರುವುದನ್ನು ಕಾಣಬಹುದು. ಪೆರ್ಲ, ಬದಿಯಡ್ಕದ ಒಳನಾಡಿನಲ್ಲಿ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವ ತುಲಾಮಳೆ ಇರುವುದರಿಂದ ಆ ತಿಂಗಳನ್ನು ಪ್ರೈಮರಿಗೆ ಇಟ್ಟುಕೊಳ್ಳಿ.

ತೇವ ಒಂದೇ ಶತ್ರುವಲ್ಲ. ಅಂಗಳದಲ್ಲಿ ಅಡಿಕೆ ಒಣಹಾಕಿ ಗುಡಿಸುವ ದಿನ, ಕೊಟ್ಟಿಗೆಯಲ್ಲಿ ಸುಲಿಯುವ ದಿನ ನಾರಿನ ಧೂಳು ಮನೆಯಿಡೀ ಹಾರುತ್ತದೆ. ಹತ್ತಿರದಲ್ಲಿ ಕೆಂಪುಕಲ್ಲು ಕೊಯ್ಯುತ್ತಿದ್ದರೆ ಬಿಳಿ ಬಾಡಿಯ ಆಸೆ ಬಿಡಿ. ಇನ್ನೊಂದು ಎಣ್ಣೆ. ತಲೆಗೆ ಹಚ್ಚಿದ ತೆಂಗಿನೆಣ್ಣೆ ಬೆರಳಿನಿಂದ ಬಾಡಿಗೆ ತಾಗಿದ ಜಾಗದಲ್ಲಿ ಬಣ್ಣ ದೂರ ಸರಿದು ಮೀನಿನ ಕಣ್ಣಿನಂಥ ಗುಂಡು ಕುಳಿ ಬೀಳುತ್ತದೆ. ಅಡುಗೆಮನೆಯ ಒಗ್ಗರಣೆ ಹೊಗೆಯೂ ಇದನ್ನೇ ಮಾಡುತ್ತದೆ. ಹೊಡೆಯುವ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಒರೆಸಿ, ಆಮೇಲೆ ಕೈಗವಸಿಲ್ಲದೆ ಮುಟ್ಟಬೇಡಿ.

ದೇವರಕೋಣೆಯ ದೀಪ, ಗ್ಯಾಸ್ ಒಲೆ, ಊದುಬತ್ತಿ ಇರುವ ಕಡೆ ಸ್ಪ್ರೇ ಮಾಡಬಾರದು. ಬಟ್ಟೆಯ ಮಾಸ್ಕ್ ಧೂಳಿಗೆ ಮಾತ್ರ. ಥಿನ್ನರ್ ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು.

ಪ್ರೈಮರ್ ಎರಡು ತೆಳು ಕೋಟು, ನಡುವೆ 15 ನಿಮಿಷ. ಒಂದು ದಿನ ಬಿಟ್ಟು 1000ದ ಪೇಪರಿನಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ. ಬಿಟ್ಟುಹೋದ ಗೀರು, ಹಳ್ಳ ಎಲ್ಲ ಈಗ ಕಾಣುತ್ತವೆ, ತುಂಬಿ ಮತ್ತೆ ಪ್ರೈಮರ್ ಹೊಡೆಯಿರಿ. ಕೆಂಪು ಪ್ಲಾಸ್ಟಿಕ್ಕಿನ ಬಾಡಿಗೆ ಬಿಳಿ ಅಥವಾ ಹಳದಿ ಹೊಡೆಯುವುದಾದರೆ ಮೊದಲು ಬೆಳ್ಳಿ ಬಣ್ಣದ ಒಂದು ಕೋಟು ಕೊಡಿ, ಇಲ್ಲವಾದರೆ ಕೆಂಪು ಮೇಲಕ್ಕೆ ಜಿನುಗಿ ಗುಲಾಬಿಯಾಗುತ್ತದೆ.

ಬಣ್ಣವನ್ನು ಮೊದಲು ಬೇರೆ ಯಾವುದಾದರೂ ಪ್ಲಾಸ್ಟಿಕ್ ಮೇಲೆ ಪರೀಕ್ಷಿಸಬೇಕು. ಬೇರೆ ದೇಶದವರು ಇದಕ್ಕೆ ಪ್ಲಾಸ್ಟಿಕ್ ಚಮಚ ಬಳಸುತ್ತಾರೆ. ನಮ್ಮಲ್ಲಿ 2022ರ ಜುಲೈ 1ರಿಂದ ಅದಕ್ಕೆ ದೇಶವ್ಯಾಪಿ ನಿಷೇಧ ಇದೆ. ಹಳೆಯ ಸಿಡಿ ಪೆಟ್ಟಿಗೆಗಳು ಕಿಟ್‌ನ ಹಾಗೆ ಪಾಲಿಸ್ಟೈರೀನ್‌ನವೇ, ಅವನ್ನು ಬಳಸಿ. ವಾಹನದ ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಪ್ರೇಯನ್ನು ಬಾಡಿಗೆ ಹೊಡೆಯುವ ಯೋಚನೆ ಇದ್ದರಂತೂ ಈ ಪರೀಕ್ಷೆ ಬಿಡಲೇಬೇಡಿ. ಅದರ ಥಿನ್ನರ್ ಬಲವಾದದ್ದು, ಪ್ರೈಮರ್ ತೆಳುವಾದ ಕಡೆ ಪ್ಲಾಸ್ಟಿಕ್ಕನ್ನು ಕಡಿದು ಜೇಡರ ಬಲೆಯಂತೆ ಬಿರುಕೆಬ್ಬಿಸುತ್ತದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರನ್ನು ಏರ್‌ಬ್ರಶ್ ತೊಳೆಯಲು ಮಾತ್ರ ಇಟ್ಟುಕೊಳ್ಳಿ.

ಕ್ಯಾನಿನಲ್ಲಿ ಹೊಡೆಯುವವರು ಒಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೂ ಒಂದು ನಿಮಿಷ ಅಲ್ಲಾಡಿಸಬೇಕು. ದೂರ 15–20 ಸೆಂಮೀ. ಬಾಡಿಯ ಹೊರಗೆ ಒತ್ತಿ, ಬಾಡಿಯ ಮೇಲೆ ಹಾಯಿಸಿ, ಹೊರಗೆ ಬಂದ ಮೇಲೆ ಬಿಡಿ. ಮೊದಲ ಕೋಟು ಹನಿಹನಿಯಾಗಿ, ಕೆಳಗಿನ ಪ್ರೈಮರ್ ಕಾಣುವ ಹಾಗೆ. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಕೊನೆಯದು ಮಾತ್ರ ಹಸಿಯಾಗಿ, ಮೇಲ್ಮೈ ಗಾಜಿನಂತೆ ಮಿನುಗುವಷ್ಟು. ಇದರಲ್ಲಿ ಕೈ ತೀರ ಬೇಗ ಓಡಿದರೆ ಒರಟು, ನಿಧಾನಿಸಿದರೆ ಸೋರುವುದು. ಟಮಿಯಾ ಕ್ಯಾನುಗಳಲ್ಲಿ ಟಿಎಸ್ ಎಂದಿರುವುದನ್ನೇ ಕೊಳ್ಳಿ. ಪಿಎಸ್ ಎಂಬುದು ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಬಾಡಿಗೆ.

ಕ್ಯಾನನ್ನು ಬಿಸಿನೀರಿನಲ್ಲಿಟ್ಟು ಬಳಸಿ ಎಂಬ ಸಲಹೆ ಚಳಿದೇಶದ್ದು. ಇಲ್ಲಿ ಏಪ್ರಿಲಿನ ಸೆಕೆಗೆ ಕ್ಯಾನಿನ ಒತ್ತಡ ಹಾಗೆಯೇ ಹೆಚ್ಚಿರುತ್ತದೆ. ಬಣ್ಣ ಬಾಡಿಗೆ ಮುಟ್ಟುವ ಮುಂಚೆ ಗಾಳಿಯಲ್ಲೇ ಅರೆಒಣಗಿ ಕಿತ್ತಳೆ ಸಿಪ್ಪೆಯಂತೆ ಕೂರುತ್ತದೆ. ಬೇಸಿಗೆಯಲ್ಲಿ ಮೇಲೆ ಹೇಳಿದ ದೂರಕ್ಕಿಂತ ಎರಡು ಮೂರು ಸೆಂಮೀ ಹತ್ತಿರ ಹಿಡಿದು ಹೊಡೆಯಿರಿ, ಕೈ ಸ್ವಲ್ಪ ಬೇಗ ಓಡಿಸಿ.

ಏರ್‌ಬ್ರಶ್ ಇದ್ದವರಿಗೆ ಈ ಹವೆಯಲ್ಲಿ ಹೆಚ್ಚು ಹಿಡಿತ. 0.3 ಮಿಮೀ ನಾಜಲ್, ಗಾಳಿಯ ಒತ್ತಡ 15–20 ಪಿಎಸ್‌ಐ. ಲ್ಯಾಕರ್ ಬಣ್ಣ ಒಂದು ಪಾಲಿಗೆ ಲೆವೆಲಿಂಗ್ ಥಿನ್ನರ್ ಒಂದರಿಂದ ಒಂದೂವರೆ ಪಾಲು. ಬಣ್ಣ 10 ಮಿಲಿ ತೆಗೆದುಕೊಂಡರೆ ಒಂದು ಬಾಡಿಗೆ ಸಾಕು. ಲೆವೆಲಿಂಗ್ ಥಿನ್ನರಿನಲ್ಲಿ ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಇರುವುದರಿಂದ ಆವಿಯಾಗುವುದು ನಿಧಾನ, ಮೇಲ್ಮೈ ಅಷ್ಟು ತಣಿಯುವುದಿಲ್ಲ, ಬೆಳ್ಳಗಾಗುವ ಭಯ ಕಡಿಮೆ. ಕಂಪ್ರೆಸರಿನ ನೀರಿನ ಟ್ರ್ಯಾಪನ್ನು (ಗಾಳಿಯ ನೀರು ಹಿಡಿದಿಡುವ ಬಟ್ಟಲು) ಕಂಪ್ರೆಸರಿಗೇ ಅಂಟಿಸಿದಂತೆ ಇಟ್ಟರೆ ಪ್ರಯೋಜನ ಅರ್ಧ. ಬಿಸಿಗಾಳಿ ಪೈಪಿನಲ್ಲಿ ಸಾಗಿ ತಣಿದ ಮೇಲೆ ನೀರಾಗುತ್ತದೆ, ಆದ್ದರಿಂದ ಇನ್ನೊಂದು ಸಣ್ಣ ಟ್ರ್ಯಾಪ್ ಏರ್‌ಬ್ರಶ್ ಬುಡದಲ್ಲಿರಲಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೀರು ಬಿಡಿ. ಮರೆತರೆ ಬಾನೆಟ್ ನಡುವೆಯೇ ಒಂದು ಹನಿ ಉಗುಳುತ್ತದೆ.

ಇಷ್ಟಾದರೂ ಮಂಜು ಕವಿದರೆ ಉಜ್ಜಲು ಹೋಗಬೇಡಿ. ಒಣಹವೆಯ ದಿನ ಬರಿಯ ಲೆವೆಲಿಂಗ್ ಥಿನ್ನರನ್ನು ಒಂದು ತೆಳು ಕೋಟು ಹಾಯಿಸಿದರೆ ಮೇಲ್ಪದರ ಮತ್ತೆ ಕರಗಿ ಸಿಕ್ಕಿಬಿದ್ದ ತೇವ ಹೊರಬೀಳುತ್ತದೆ. ಪೂರ್ತಿ ಕೆಟ್ಟಿದ್ದರೆ ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಬ್ರಶ್ಶಿನಿಂದ ತಿಕ್ಕಿ ಬಣ್ಣ ತೆಗೆದು ಮೊದಲಿನಿಂದ ಶುರುಮಾಡುವುದು ವಾಸಿ.

ಹೊಡೆದ ಬಾಡಿಗೆ ತಕ್ಷಣ ಡಬ್ಬಿ ಕವುಚಿ. ರಾತ್ರಿ ದೀಪ ಹುಡುಕಿ ಬರುವ ರೆಕ್ಕೆ ಗೆದ್ದಲು, ಗೋಡೆಯ ಹಲ್ಲಿ ಎರಡಕ್ಕೂ ಹಸಿ ಬಣ್ಣ ಪ್ರಿಯ. ಆದರೆ ಮೊದಲ ದಿನ ಡಬ್ಬಿಯ ಒಂದಂಚಿಗೆ ಕಡ್ಡಿ ಕೊಟ್ಟು ಸಂದು ಬಿಡಿ, ಥಿನ್ನರ್ ಆವಿ ಹೊರಹೋಗಬೇಕು. ಎರಡನೆಯ ದಿನದಿಂದ ಮುಚ್ಚಳ ಭದ್ರವಾದ ಪ್ಲಾಸ್ಟಿಕ್ ಡಬ್ಬದಲ್ಲಿ 250 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಬಹುದು. ಬಲ್ಬ್ ಹಾಕಿ ಒಣಗಿಸುವ ಪೆಟ್ಟಿಗೆ ಮಾಡಿಕೊಂಡವರು ಉಷ್ಣತೆಯನ್ನು 40–45 ಡಿಗ್ರಿಯಲ್ಲೇ ನಿಲ್ಲಿಸಬೇಕು, ಅದಕ್ಕಿಂತ ಬಹಳ ಮೇಲೇರಿದರೆ ಕಿಟಕಿಯ ತೆಳು ಕಂಬಗಳು ಸೊಟ್ಟಗಾಗುತ್ತವೆ.

ಡೆಕಲ್, ಕ್ಲಿಯರ್, ಪಾಲಿಶ್

ಡೆಕಲಿಗೆ ಬಾವಿನೀರು ಬೇಡ. ಕಡಲ ಬದಿಯ ಬಾವಿಯಲ್ಲಿ ಉಪ್ಪು, ಕೆಂಪುಕಲ್ಲಿನ ಗುಡ್ಡದ ಬಾವಿಯಲ್ಲಿ ಕಬ್ಬಿಣದಂಶ ಇರಬಹುದು. ಒಣಗಿದಾಗ ಕಲೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರು ತಂದರೆ ಎಷ್ಟೋ ಕಾರಿಗೆ ಬರುತ್ತದೆ. ಬ್ಯಾಟರಿ ಆಸಿಡ್ ಅಲ್ಲ ಎಂದು ಲೇಬಲ್ ನೋಡಿ ಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಟಿಶ್ಯೂ ಮೇಲಿಟ್ಟು, ತಾನಾಗಿ ಜಾರುವವರೆಗೆ ಕಾಯಿರಿ. ಕೂರಿಸುವ ಜಾಗಕ್ಕೆ ಡೆಕಲ್ ಹಿಡಿಸುವ ಮಾರ್ಕ್ ಸೆಟರ್, ಕೂತ ಮೇಲೆ ಗೆರೆಗಳ ಮೇಲೆ ಅದನ್ನು ಮೆತ್ತಗಾಗಿಸುವ ಮಾರ್ಕ್ ಸಾಫ್ಟರ್ ದ್ರವ. ಸಾಫ್ಟರ್ ಬಿದ್ದ ಡೆಕಲ್ ಸುಕ್ಕುಗಟ್ಟಿ ಗಾಬರಿ ಹುಟ್ಟಿಸುತ್ತದೆ. ಮುಟ್ಟಬೇಡಿ, ಒಣಗುವಾಗ ಸರಿಯಾಗುತ್ತದೆ. ಮರುದಿನ ಒದ್ದೆ ಬಟ್ಟೆಯಿಂದ ಸುತ್ತಲಿನ ಅಂಟು ಒರೆಸಿ ತೆಗೆಯಿರಿ.

ಕ್ಲಿಯರಿನ ಮೊದಲ ಎರಡು ಕೋಟು ಹನಿಹನಿಯಾಗಿಯೇ ಇರಬೇಕು. ಹಸಿ ಲ್ಯಾಕರ್ ನೇರ ಬಿದ್ದರೆ ಡೆಕಲ್ ಕರಗಿ ಮುದುಡುತ್ತದೆ. ಆಮೇಲೆ ಎರಡು ಹಸಿ ಕೋಟು. ಒಂದು ವಾರ ಮುಟ್ಟಬೇಡಿ. ಉಗುರಿನಿಂದ ಒತ್ತಿ ನೋಡುವ ಬದಲು ಮೂಗಿಗೆ ಹಿಡಿಯಿರಿ, ಥಿನ್ನರ್ ವಾಸನೆ ಇದ್ದರೆ ಒಣಗಿಲ್ಲ.

ಪಾಲಿಶ್ ಮಾಡುವಾಗ ಬಾಗಿಲಿನ ಅಂಚು, ಬಾನೆಟ್ಟಿನ ಏಣು ಇವುಗಳ ಮೇಲೆ ಕಿರಿದಾಗಿ ಕತ್ತರಿಸಿದ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಬಣ್ಣ ಅಂಚಿನಿಂದ ಸರಿದು ನಿಲ್ಲುವುದರಿಂದ ಅಲ್ಲಿ ಪದರ ತೆಳು, ಮೊದಲು ಸವೆಯುವುದೂ ಅಲ್ಲೇ. 2000ದ ಪೇಪರ್ ಕಿತ್ತಳೆ ಸಿಪ್ಪೆ ಮಟ್ಟವಾಗುವವರೆಗೆ, 3000 ಅದರ ಗೀರು ಹೋಗುವವರೆಗೆ, ನಂತರ ಒರಟು, ನಯ, ಫಿನಿಶ್ ಎಂದು ಮೂರು ಕಾಂಪೌಂಡ್. ಪ್ರತಿಯೊಂದಕ್ಕೂ ಬೇರೆ ಬಟ್ಟೆ. ಒಂದೇ ಜಾಗದಲ್ಲಿ ತಿಕ್ಕುತ್ತ ಕೂತರೆ ಬಿಸಿಯೇರಿ ಕ್ಲಿಯರ್ ಮೆತ್ತಗಾಗುತ್ತದೆ. ಉಜ್ಜಿದ ನೀರಿನಲ್ಲಿ ಬಾಡಿಯ ಬಣ್ಣ ಕಂಡರೆ ತಕ್ಷಣ ನಿಲ್ಲಿಸಿ.

ಗಾಜು, ಟಯರು, ಆಮೇಲೆ

ಗಾಜಿಗೆ ಸೂಪರ್ ಗ್ಲೂ ತಾಗಿಸಬೇಡಿ, ಹೊಗೆ ಹಿಡಿಯುತ್ತದೆ. ಎಲ್ಲೆಡೆ ಹೇಳುವ ಬಿಳಿ ಅಂಟು ಫೆವಿಕಾಲ್ ಒಣಗಿದಾಗ ಪಾರದರ್ಶಕವೇನೋ ಹೌದು, ಆದರೆ ಇಲ್ಲಿನ ಮಳೆಗಾಲದಲ್ಲಿ ಪಸೆ ಕುಡಿದು ಮೆತ್ತಗಾಗುತ್ತದೆ, ಬಿಗಿಯಾಗಿ ಕೂರಿಸಿದ ಗಾಜು ಒಳಕ್ಕೆ ಕಳಚಿಕೊಳ್ಳಬಹುದು. ಪಾರದರ್ಶಕ ಎಪಾಕ್ಸಿಯನ್ನು ಎರಡು ಪಾಲು ಸಮವಾಗಿ ಕಲಸಿ ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ನಾಲ್ಕು ಮೂಲೆಗೆ ಇಡುವುದು ಗಟ್ಟಿ.

ಚಕ್ರದ ಲೋಹದ ಆಕ್ಸಲ್, ಸ್ಕ್ರೂಗಳಿಗೆ ಕೂಡಿಸುವ ಮುಂಚೆಯೇ ಕ್ಲಿಯರ್ ಹಚ್ಚಿ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಅವೇ, ತುಕ್ಕಿನ ನೀರು ಚಾಸಿಗೆ ಇಳಿಯುತ್ತದೆ. ಚಾಕುವಿನ ಬ್ಲೇಡಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿಡಬಹುದು, ಮತ್ತೆ ಬಳಸುವಾಗ ಪೂರ್ತಿ ಒರೆಸಿದರೆ ಸರಿ.

ಮೆತ್ತನೆ ವಿನೈಲ್ ಟಯರುಗಳಿಂದ ಕಾಲಕ್ರಮೇಣ ಎಣ್ಣೆಯಂಥ ಅಂಶ ಹೊರಬಂದು ತಾಗಿದ ಪ್ಲಾಸ್ಟಿಕ್ಕನ್ನು, ಬಣ್ಣವನ್ನು ಕರಗಿಸುತ್ತದೆ. ಹಳೆಯ ಕಿಟ್‌ಗಳಲ್ಲಿ ಇದು ಹೆಚ್ಚು. ರಿಮ್ಮಿಗೆ ಅಲ್ಯೂಮಿನಿಯಂ ಹಾಳೆಯ ತೆಳು ಪಟ್ಟಿ ಸುತ್ತಿ ಟಯರ್ ಏರಿಸಿ. ಬಣ್ಣ ಬಳಿದ ಹಲಗೆ, ಅಕ್ರಿಲಿಕ್ ತಟ್ಟೆಯ ಮೇಲೆ ನೇರ ನಿಲ್ಲಿಸುವ ಬದಲು ಚಾಸಿಯ ಕೆಳಗೆ ಸಣ್ಣ ಕಟ್ಟೆ ಕೊಟ್ಟು ಟಯರು ನೆಲ ಮುಟ್ಟೀ ಮುಟ್ಟದ ಹಾಗೆ ಇಡಿ. ಗಾಜಿನ ಕಪಾಟಾದರೆ ಒಳಗೊಂದು ಬಟ್ಟಲು ಸಿಲಿಕಾ ಜೆಲ್ ಇರಲಿ. ಜೆಲ್ಲಿನ ಬಣ್ಣ ಬದಲಾದಾಗ ಅದನ್ನು 120 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್ನಿಗೆ ಹಾಕುವವರು ಕಿತ್ತಳೆ ಬಣ್ಣದ್ದನ್ನೇ ಕೊಳ್ಳಬೇಕು.